ಯೋಜನಾ ಪ್ರದೇಶದ ಹೊರಗಿನವರು

…ಅಥವಾ ಆಕೆ ಡಿವೈಡರಿನ ನಡುವೆ ನಿಂತಿರಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಮಾತ್ರ ನಿಂತಿದ್ದಾಳೆ. ಖರಾಡಿಯ ಹತ್ತಿರ, ಅಹಮದನಗರದ ಕಡೆ ಹೋಗುವ ದೊಡ್ಡ ರಸ್ತೆಯ ಮಧ್ಯೆ, ಸಿಮೆಂಟಿನ ಕಟ್ಟೆ ಕಡಿದುಹೋದ ಒಂದು ಸಂದಿನಲ್ಲಿ. ಸೀರೆಯ ಮೇಲೆ ಗಂಡಸರ ಅಂಗಿ. ಒಂದು ಕೈಯಲ್ಲಿ ಬುತ್ತಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಹಿರಿಯ ನೆಗೆಣ್ಣಿಯ ಮೊಣಕೈ. ಬೆಳಗಿನ ಬಿಸಿಲು ಎಡಗಡೆಯಿಂದ ಬೀಳುತ್ತಿದೆ.

ಈ ಎಡಗಡೆಯೇ ನನ್ನನ್ನು ಅನುಮಾನಕ್ಕೆ ತಳ್ಳಿತು. ಆ ದಿನ ನಾನು ನಿಂತಿದ್ದ ಜಾಗದಿಂದ ನೋಡಿದರೆ ಬಿಸಿಲು ನೇರ ನನ್ನ ಕಣ್ಣಿಗೆ ಹೊಡೆಯಬೇಕಿತ್ತು. ಎಡಗಡೆಯಿಂದ ಬೀಳುವುದು ವರದಿಯಲ್ಲಿ ಅಚ್ಚಾದ ಫೋಟೋದಲ್ಲಿ. ಆ ಫೋಟೋ ತೆಗೆದವಳು ನಾನಲ್ಲ. ಅಂದರೆ ಆಕೆಯನ್ನು ಮೊದಲ ಸಲ ನಾನು ಹೇಗೆ ನೋಡಿದೆನೋ ಅದು ಎಲ್ಲಿಯೋ ಕಳೆದುಹೋಗಿದೆ. ಅದರ ಜಾಗದಲ್ಲಿ ಇನ್ನೊಬ್ಬರ ಕ್ಯಾಮೆರಾ ನೋಡಿದ್ದು ಬಂದು ಕುಳಿತಿದೆ, ಸ್ವಂತ ನೆನಪಿನ ಹಾಗೆ. ಉಳಿದದ್ದರಲ್ಲಿ ಎಷ್ಟು ಹೀಗೆ ಬಂದು ಕುಳಿತದ್ದೋ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆದುಬಿಡುತ್ತೇನೆ. ಅದು ಹೆಚ್ಚಿಲ್ಲ. ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಎರಡೂ ಬರೆಯಲು ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಕೆಲವು ವರ್ಷಗಳ ಹಿಂದೆ ಒಂದು ಖಾಸಗಿ ಸಲಹಾ ಕಂಪನಿಯಲ್ಲಿ ಆರು ತಿಂಗಳ ಕೆಲಸ ಸಿಕ್ಕಿತ್ತು. ಆ ರಸ್ತೆಯ ಒಂದು ತುಂಡನ್ನು ಹೊಸದಾಗಿ ರೂಪಿಸುವ ನಕ್ಷೆ ಅಲ್ಲಿ ತಯಾರಾಗುತ್ತಿತ್ತು. ಬಸ್ಸಿಗೆ ಬೇರೆ ದಾರಿ, ಅಗಲವಾದ ಕಾಲುದಾರಿ, ಮತ್ತು ಎರಡು ಸಿಗ್ನಲ್‌ಗಳ ನಡುವೆ ಡಿವೈಡರಿನಲ್ಲಿ ಎಲ್ಲೂ ಸಂದು ಇರಬಾರದು. ನಕ್ಷೆ ಅಂತಿಮವಾಗುವ ಮೊದಲು ಜನರನ್ನು ಕೇಳಬೇಕು ಎಂಬುದು ಗುತ್ತಿಗೆಯ ಷರತ್ತು. ಮರಾಠಿಯಲ್ಲಿ ಇದಕ್ಕೆ ‘ಹರಕತಿ-ಸೂಚನಾ’ ಎನ್ನುತ್ತಾರೆ. ಆಕ್ಷೇಪಣೆ ಇದ್ದರೆ ಹೇಳಿ, ಸಲಹೆ ಇದ್ದರೆ ಕೊಡಿ. ಒಂದು ಪುಟದ ಫಾರ್ಮು. ಬರೆಯಲು ಬಾರದವರು ಹೇಳಿದ್ದನ್ನು ಮರಾಠಿಗೆ ತಿರುಗಿಸಿ ತುಂಬುವುದು ನನ್ನ ಕೆಲಸ.

ಆ ಸಂದಿನ ಒಂದು ಬದಿಗೆ ತಗಡಿನ ಶೆಡ್ಡುಗಳು. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿದ್ದರು. ಇನ್ನೊಂದು ಬದಿಗೆ ಕೂಲಿಯವರು ನೆರೆಯುವ ಮಜೂರ್ ಅಡ್ಡಾ. ಬೆಳಗ್ಗೆ ಏಳೂವರೆಯಿಂದ ಎಂಟೂವರೆಯವರೆಗೆ ಅಲ್ಲಿ ಜನ ಗುಂಪುಗುಂಪಾಗಿ ನಿಲ್ಲುತ್ತಾರೆ. ಗಾರೆ ಕೆಲಸದ ಗೌಂಡಿಗಳು, ಗುತ್ತಿಗೆದಾರರು ಬಂದು ಬೇಕಾದವರನ್ನು ಆರಿಸಿ ಟೆಂಪೋ ಹತ್ತಿಸಿಕೊಂಡು ಹೋಗುತ್ತಾರೆ. ಒಂಬತ್ತರ ನಂತರ ಉಳಿದವರಿಗೆ ಆ ದಿನ ಕೆಲಸವಿಲ್ಲ. ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗಲು ಆ ಸಂದೇ ದಾರಿ.

ಮೊದಲ ಮಾತು ಆಕೆಯದೇ. ಇದು ಫೋಟೋದಲ್ಲಿ ಇಲ್ಲ, ಆದ್ದರಿಂದ ನಂಬುತ್ತೇನೆ.

“ಯಾವ ಬಿಲ್ಡಿಂಗದ್ರಿ ಬಾಯಾರ? ಎಷ್ಟ ಮಂದಿ ಬೇಕ್ರಿ?”

“ಕೆಲಸ ಅಲ್ಲ ತಂಗಿ. ಈ ರಸ್ತಾದ ಬಗ್ಗೆ ಕೇಳಾಕ ಬಂದೀನಿ.”

“ರಸ್ತಾದ ಕೆಲಸೇನ್ರಿ? ಡಾಂಬರ ನಾವು ಮಾಡೂದಿಲ್ರಿ. ಸುಡ್ತದ.”

“ಅಲ್ಲವಾ. ರಸ್ತಾ ಹ್ಯಾಂಗಿರಬೇಕು ಅಂತ ನೀವು ಹೇಳೂದು, ನಾ ಬರಕೊಳ್ಳೂದು.”

ಆಕೆ ನೆಗೆಣ್ಣಿಯ ಕಡೆ ತಿರುಗಿದಳು. ಇಬ್ಬರೂ ಅಣ್ಣತಮ್ಮಂದಿರ ಹೆಂಡಿರು, ಒಬ್ಬಳಿಗೆ ಮೂವತ್ತೈದು ಇರಬಹುದು, ಇನ್ನೊಬ್ಬಳಿಗೆ ಐವತ್ತು. “ಕೇಳಿದೇನಕ್ಕಾ? ರಸ್ತಾ ಹ್ಯಾಂಗಿರಬೇಕಂತ ನಮ್ಮನ್ನ ಕೇಳ್ಲಾಕ ಬಂದಾರ. ನಾಳಿ ಮಳಿ ಯಾವಾಗ ಬರಬೇಕಂತನೂ ಕೇಳ್ತಾರ ತಗಿ.”

ಹಿರಿಯಾಕೆ ನಗಲಿಲ್ಲ. “ಕೇಳಿದ್ರ ಹೇಳು. ಬಾಯಿ ಏನು ಸವಿತದೇನ?”

ನಾನು ನಕ್ಷೆ ಬಿಚ್ಚಿದೆ. ನಕ್ಷೆಯಲ್ಲಿ ಮನುಷ್ಯರು ಹಸಿರು ಚುಕ್ಕೆಗಳು. ಆ ಸಂದು ಇರುವ ಜಾಗದಲ್ಲಿ ಗೆರೆ ಎಲ್ಲೂ ಕಡಿಯದೆ ಓಡಿತ್ತು. “ಇದು ಮುಚ್ಚತಾರ,” ಎಂದೆ. ಆಗ ಕಿರಿಯಾಕೆಯ ನಗು ನಿಂತಿತು. ನಿಂತಿತು ಎಂದು ಬರೆಯುವುದು ಸುಲಭ. ನಿಜಕ್ಕೂ ಅದು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಉಳಿದಿತ್ತು, ಉಪಯೋಗವಿಲ್ಲದೆ.

“ಮುಚ್ಚಿದ್ರ ನಮ್ಮಕ್ಕ ಹ್ಯಾಂಗ ದಾಟಬೇಕ್ರಿ?”

ಹಿರಿಯಾಕೆಯ ಸೊಂಟ ಸೆಂಟ್ರಿಂಗ್ ಮೇಲಿಂದ ಬಿದ್ದಾಗ ಮುರಿದಿತ್ತು. ಕೂಡಿಕೊಂಡಿತ್ತು, ಆದರೆ ಸೊಟ್ಟಗೆ. ಬಲಗಾಲು ನೆಲಕ್ಕೆ ತಡವಾಗಿ ಬರುತ್ತಿತ್ತು. ಬುಟ್ಟಿ ಹೊತ್ತು ಏಣಿ ಹತ್ತುವುದು ಆಕೆಯಿಂದ ಆಗುತ್ತಿರಲಿಲ್ಲ. ಆದರೆ ಕೂತು ಕಲಸಿದ ಸಿಮೆಂಟನ್ನು ಬುಟ್ಟಿಗೆ ತುಂಬಬಲ್ಲಳು. ಆಕೆ ತುಂಬುವುದು, ಕಿರಿಯಾಕೆ ಹೊರುವುದು, ಹೀಗೆ ಇಬ್ಬರೂ ಒಂದು ಜೋಡಿ. ಗೊತ್ತಿಲ್ಲದ ಗೌಂಡಿ ಕುಂಟುವವಳನ್ನು ಕಂಡರೆ ಮುಖ ತಿರುಗಿಸುತ್ತಾನೆ. ಈ ಅಡ್ಡಾದ ಗೌಂಡಿಗಳಿಗೆ ಮಾತ್ರ ಇಬ್ಬರೂ ಗೊತ್ತು. ಕಿರಿಯಾಕೆ ಇಬ್ಬರ ಹೊರೆ ಹೊರುತ್ತಾಳೆ ಎಂಬುದು ಗೊತ್ತು, ಅದಕ್ಕೇ ಇಬ್ಬರನ್ನೂ ಕರೆಯುತ್ತಿದ್ದರು. ಸಂದು ಮುಚ್ಚಿದರೆ ಸಿಗ್ನಲ್ಲಿನವರೆಗೆ ಹೋಗಿ ದಾಟಿ ಮತ್ತೆ ಹಿಂದಕ್ಕೆ ಬರಬೇಕು. ಕಿರಿಯಾಕೆಗೆ ಅರ್ಧ ತಾಸು. ಹಿರಿಯಾಕೆಗೆ ಎಷ್ಟು ಎಂದು ಯಾರೂ ನಡೆದು ನೋಡಿರಲಿಲ್ಲ. ಕಟ್ಟೆ ಹತ್ತಿ ಇಳಿಯುವ ಮಾತೇ ಇಲ್ಲ.

“ಬರೀರಿ ಬಾಯಾರ,” ಎಂದಳು ಕಿರಿಯಾಕೆ. “ಸಂದು ಬಿಡ್ರಿ ಅಂತ ಬರೀರಿ. ಗಾಡಿ ಹೋಗ್ಲಾರ್ದಂಗ ಬೇಕಾದ್ರ ಎಲ್ಡು ಕಲ್ಲು ನೆಡ್ರಿ. ಮನಷ್ಯಾ ಹೋಗೂವಷ್ಟ ಬಿಡ್ರಿ ಅಂತ ಬರೀರಿ.”

ಇದು ಒಳ್ಳೆಯ ಸಲಹೆ. ನಮ್ಮ ಕಂಪನಿಯ ಯಾರಿಗೂ ಹೊಳೆದಿರಲಿಲ್ಲ. ಎರಡು ಕಲ್ಲು. ನಾನು ಅದನ್ನು ಶುದ್ಧ ಮರಾಠಿಯಲ್ಲಿ ಬರೆದೆ, ಕೊನೆಗೆ ವಿಳಾಸದ ಸಾಲಿಗೆ ಬಂದೆ.

ಇಲ್ಲಿಂದ ಮುಂದೆ ನನ್ನ ಬಳಿ ನೆನಪಿನ ಎರಡು ಪ್ರತಿಗಳಿವೆ.

ಒಂದರಲ್ಲಿ ನಾನು ಕೇಳುತ್ತೇನೆ: “ಅಡ್ರೆಸ್ ಏನಂತ ಬರೀಲಿ?” ಆಕೆ ಶೆಡ್ಡುಗಳ ಕಡೆ ನೋಡಿ ದನಿ ತಗ್ಗಿಸುತ್ತಾಳೆ. “ಇಲ್ಲಿಂದು ಬ್ಯಾಡ್ರಿ. ಶೆಡ್ಡಿನ ಮುಕಾದಮ ಬೈತಾನ. ಹಿಂದ ನದಿ ದಂಡ್ಯಾಗ ಇದ್ದಾಗ ಹಿಂಗ ಯಾರೋ ಬಂದು ಬರಕೊಂಡು ಹೋದ್ರು. ಬರಕೊಂಡು ಹೋದ್ರಂದ್ರ ಹಿಂದ ಜೆಸಿಬಿ ಬರ್ತದ್ರಿ. ನಮ್ಮೂರಿಂದು ಬರೀರಿ.” ಎಂದು ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ಕಾರ್ಡು ತೆಗೆದು ಕೊಡುತ್ತಾಳೆ.

ಇನ್ನೊಂದರಲ್ಲಿ ಜೆಸಿಬಿಯ ಮಾತು ಅಷ್ಟೂ ಇದೆ, ಕಾರ್ಡೂ ಇದೆ. ಆದರೆ ‘ನಮ್ಮೂರಿಂದು ಬರೀರಿ’ ಎಂಬುದಿಲ್ಲ. ಅದರ ಬದಲು ನನ್ನ ದನಿ ಇದೆ: “ಹಂಗಾದ್ರ ನಿಮ್ಮ ಊರಿಂದು ಬರೀತೀನಿ ಬಿಡು. ಕಾರ್ಡಿನ್ಯಾಗ ಇದ್ದಂಗ. ಅದಕ್ಕ ಯಾರೂ ಏನೂ ಅನ್ನೂದಿಲ್ಲ.” ಬಹಳ ಸಮಾಧಾನದ ದನಿ. ಓದಿದ ಹೆಂಗಸಿನ ದನಿ.

ಮೊದಲು ನನಗೆ ಒಂದನೆಯದೇ ನೆನಪಾಗುತ್ತಿತ್ತು. ಎರಡನೆಯದು ವರ್ಷಗಳ ಮೇಲೆ ಬಂದಿತು. ತಡವಾಗಿ ಬಂದದ್ದು ಅಪರಾಧ ಭಾವ ಹೊಲಿದು ಕೊಟ್ಟ ಅಂಗಿಯೋ, ಅಥವಾ ಮೊದಲು ಬಂದದ್ದೇ ನಾನು ನನಗಾಗಿ ಹೊಲಿದುಕೊಂಡದ್ದೋ, ಬಿಚ್ಚಿ ನೋಡಿದರೂ ಹೊಲಿಗೆ ಕಾಣುವುದಿಲ್ಲ.

ಯಾರು ಹೇಳಿದರೂ ಬರೆದದ್ದು ನಾನು. ಆಮೇಲೆ ಉಳಿದವರೂ ಸಾಲಾಗಿ ಬಂದರು. ನಲವತ್ತೊಂದೋ ನಲವತ್ಮೂರೋ ಫಾರ್ಮು, ಮೂರು ನಾಲ್ಕು ಬೆಳಗು. ಎಲ್ಲರ ಚೀಲದಿಂದಲೂ ಕಾರ್ಡು ಬಂದಿತು. ಎಲ್ಲರೂ ಊರಿನ ವಿಳಾಸವನ್ನೇ ಹೇಳಿದರು, ಮತ್ತು ಎಂಥ ಖುಷಿಯಿಂದ ಹೇಳಿದರು! ಕಾರ್ಡಿನಲ್ಲಿ ಇಲ್ಲದ್ದನ್ನೂ ಸೇರಿಸಿದರು. ಹಣಮಪ್ಪನ ಗುಡಿ ಹಿಂದ ಅಂತ ಬರೀರಿ. ಶಾಲಿ ಬಾಜೂಕ ಅಂತ ಬರೀರಿ. ಒಬ್ಬ ಮುದುಕ ತನ್ನ ಮನೆಯ ಮುಂದೆ ಬೇವಿನ ಮರ ಇದೆ, ಅದನ್ನೂ ಹಾಕಿ ಎಂದ. “ಮರ ಕಡದು ಎಂಟ ವರ್ಷ ಆತು ಮಾಮಾ,” ಎಂದು ಹಿಂದಿನಿಂದ ಯಾರೋ ಕೂಗಿದರು. “ಕಡದ್ರ ಕಡೀಲಿ. ಟಪಾಲಿನವಗ ಬೇವಿನ ಮರ ಅಂದ್ರನ ಗೊತ್ತಾಗತದ,” ಎಂದ ಮುದುಕ. ಹಾಕಿದೆ. ಹತ್ತು ಹನ್ನೆರಡು ವರ್ಷ ಈ ನಗರದಲ್ಲಿದ್ದವರು, ಇಲ್ಲಿ ಮಕ್ಕಳನ್ನು ಹೆತ್ತವರು, ಆದರೆ ವಿಳಾಸ ಎಂದರೆ ಅವರ ಬಾಯಿಗೆ ಈ ನಗರ ಬರುವುದೇ ಇಲ್ಲ. ಇದು ತಮ್ಮ ವಿಳಾಸ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ನನಗೂ ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆಯ ಊರುಗಳ ಹೆಸರನ್ನು ಮರಾಠಿ ಫಾರ್ಮಿನಲ್ಲಿ ತಪ್ಪಿಲ್ಲದೆ ಬರೆಯಬಲ್ಲವಳು ಆ ಆಫೀಸಿನಲ್ಲಿ ನಾನೊಬ್ಬಳೇ ಎಂದುಕೊಂಡೆ. ಅಕ್ಷರ ದುಂಡಗೆ ಬರೆದೆ.

ವಾರದ ನಂತರ ಆಫೀಸಿನಲ್ಲಿ ನಮ್ಮ ಎಂಜಿನಿಯರ್ ನನ್ನನ್ನು ಕರೆದಳು. ಬೆಂಗಳೂರಿನವಳು, ನನ್ನ ಅರ್ಧ ವಯಸ್ಸಿನವಳು. ಕೆಟ್ಟವಳಲ್ಲ. ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸಿ ವಿಂಗಡಿಸುವ ಹೊಣೆ ಅವಳದು.

“ಮೇಡಂ, ನಿಮ್ಮ ಹ್ಯಾಂಡ್‌ರೈಟಿಂಗ್ ಸೂಪರ್. ಆದ್ರೆ ಇವೆಲ್ಲಾ ಹೊರಗಡೆ ಹೋಗ್ಬಿಟ್ಟಿದೆ.”

“ಹೊರಗಡೆ ಅಂದ್ರ?”

“ಪಿನ್ ಕೋಡ್ ಮೇಲೆ ಸಾರ್ಟ್ ಆಗುತ್ತೆ. ಪ್ರಾಜೆಕ್ಟ್ ಏರಿಯಾದ್ದು ಒಂದು ಶೀಟು, ಹೊರಗಿನವ್ರದ್ದು ಇನ್ನೊಂದು. ಇವ್ರೆಲ್ಲಾ ಯಾದಗಿರಿ, ಕಲಬುರಗಿ ಬಂದಿದೆ. ಎಣಿಕೆಗೆ ಬರಲ್ಲ.”

“ಅವರು ದಿನಾ ಅದ ಸಂದಿನ್ಯಾಗ ದಾಟತಾರವಾ. ನಾ ಕಣ್ಣಾರೆ ನೋಡೀನಿ.”

“ನಂಗೂ ಗೊತ್ತು ಮೇಡಂ. ಶೀಟ್‌ಗೆ ಗೊತ್ತಿಲ್ವಲ್ಲ.”

ತಿದ್ದಿಬಿಡಲೇ ಎಂದು ಕೇಳಿದೆ. ಹೆಬ್ಬೆಟ್ಟು ಒತ್ತಿದ ಮೇಲೆ ನಾವು ತಿದ್ದಿದರೆ ಅದು ಸುಳ್ಳು ದಾಖಲೆಯಾಗುತ್ತದೆ ಎಂದಳು. ಹೊಸ ಫಾರ್ಮು ತುಂಬಲು ಗಡುವು ಮುಗಿದಿತ್ತು. ಆಮೇಲೆ ಸ್ವಲ್ಪ ಯೋಚಿಸಿ, ಮುಂದಿನ ವಾರ ಸುನಾವಣಿ ಇದೆಯಲ್ಲ ಎಂದಳು. ಆಕ್ಷೇಪಣೆ ಹೇಳಿದವರು ಖುದ್ದಾಗಿ ಬಂದು ಮಾತಾಡುವ ಸಭೆ. “ಯಾರಾದ್ರೂ ಒಬ್ರು ಬಂದು ಲೋಕಲ್ ಅಡ್ರೆಸ್ ಹೇಳಿ ಮಾತಾಡಿದ್ರೆ ಸಾಕು. ಮಿನಿಟ್ಸ್‌ಗೆ ಬರುತ್ತೆ. ಆ ಎರಡು ಕಲ್ಲಿನ ಐಡಿಯಾ ಚೆನ್ನಾಗಿದೆ, ನಾನೇ ಪುಶ್ ಮಾಡ್ತೀನಿ.”

ಕಿರಿಯಾಕೆಯೇ ಬರುತ್ತೇನೆಂದಳು. ಒಂದು ದಿನದ ಕೆಲಸ ಬಿಟ್ಟು.

ಸುನಾವಣಿ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ಹಿಂದಿನ ದಿನ ಯಾರದೋ ಮದುವೆಯಾಗಿತ್ತು. ವೇದಿಕೆಯ ಮೇಲಿನ ಎರಡು ಬಂಗಾರ ಬಣ್ಣದ ಕುರ್ಚಿಗಳನ್ನು ತೆಗೆದಿರಲಿಲ್ಲ, ಅವುಗಳ ಮುಂದೆಯೇ ಸಭೆ ನಡೆಸುವವರ ಮೇಜು. ಆಕೆ ಅಂಗಿ ಇಲ್ಲದೆ ಬರೀ ಸೀರೆಯಲ್ಲಿ ಬಂದಿದ್ದಳು, ಹಣೆಗೆ ದೊಡ್ಡ ಕುಂಕುಮ. ಎಲ್ಲೋ ನೆಂಟರ ಮನೆಗೆ ಬಂದವಳ ಹಾಗೆ ಕಾಣುತ್ತಿದ್ದಳು. ಚಪ್ಪಲಿ ಬಿಡುವ ಪಡಸಾಲೆಯಲ್ಲಿ ನಾನು ಆಕೆಯನ್ನು ಪಕ್ಕಕ್ಕೆ ಕರೆದೆ. ಎಲ್ಲವನ್ನೂ ವಿವರಿಸಿದೆ: ಊರಿನ ವಿಳಾಸ ಹೇಳಿದರೆ ನಿಮ್ಮ ಮಾತು ಲೆಕ್ಕಕ್ಕೆ ಬರುವುದಿಲ್ಲ. ಶೆಡ್ಡಿನ ವಿಳಾಸ ಹೇಳಿದರೆ ಬರುತ್ತದೆ, ಆದರೆ ಅದು ಕಾಗದದ ಮೇಲೆ ಬೀಳುತ್ತದೆ. ಮುಂದೆ ಏನಾಗುತ್ತದೋ ನಾನು ಹೇಳಲಾರೆ. ಯಾವುದನ್ನು ಹೇಳಬೇಕು ಎಂಬುದು ನಿನಗೆ ಬಿಟ್ಟದ್ದು.

ಹೀಗೆ ಬರೆದಾಗ ಅದು ಎಷ್ಟು ಸ್ಪಷ್ಟವಾಗಿದೆ. ಆದರೆ ಒಳಗಿನಿಂದ ಆಗಲೇ ಮೈಕಿನ ಪರೀಕ್ಷೆ ಕೇಳುತ್ತಿತ್ತು. ನನ್ನ ಕತ್ತಿನಲ್ಲಿ ಕಂಪನಿಯ ಬಿಲ್ಲೆ. ಸಿಬ್ಬಂದಿ ಯಾವ ಆಕ್ಷೇಪಣೆದಾರರ ಪರವಾಗಿಯೂ ಮಾತಾಡಕೂಡದು ಎಂದು ಬೆಳಗ್ಗೆಯೇ ಹೇಳಿದ್ದರು. ನಾನು ಅವಸರದಲ್ಲಿದ್ದೆ, ಹೆದರಿಕೆಯಲ್ಲಿದ್ದೆ, ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದೆ. ನಾಲ್ಕು ವಾಕ್ಯ ಹೇಳಿದೆನೋ ಒಂದೂವರೆಯೋ. ಆಕೆ “ಹೂನ್ರಿ, ಹೂನ್ರಿ” ಎಂದಳು. ನಮ್ಮ ಕಡೆ ‘ಹೂನ್ರಿ’ ಎನ್ನುವುದು ತಿಳಿಯಿತು ಎಂದಲ್ಲ, ನಿಮ್ಮ ಮಾತು ಕೇಳುತ್ತಿದ್ದೇನೆ ಎಂದಷ್ಟೇ. ಇದು ನನಗೆ ಗೊತ್ತಿರಬೇಕಿತ್ತು.

ಒಳಗೆ ಹೌಸಿಂಗ್ ಸೊಸೈಟಿಗಳವರು ಬಹಳ ಮಂದಿ. ನಿವೃತ್ತರೊಬ್ಬರು ಎದ್ದು ನಿಂತು ಅದೇ ಸಂದಿನ ಬಗ್ಗೆ ಹೇಳಿದರು. ಅವರ ಹೆಂಡತಿ ತರಕಾರಿ ತರಲು ಹೋದಾಗ, ಆ ಸಂದಿನಿಂದ ಉಲ್ಟಾ ನುಗ್ಗಿದ ಬೈಕು ಬಡಿದು ಬಿದ್ದರು. ಹಾಸಿಗೆ ಹಿಡಿದವರು ಇನ್ನೂ ಎದ್ದಿಲ್ಲ. ಕಾಗದ ಹಿಡಿದಿದ್ದರು, ಓದಲಿಲ್ಲ. “ಮುಚ್ಚಿ, ದಯವಿಟ್ಟು ಮುಚ್ಚಿ,” ಎಂದು ಮರಾಠಿಯಲ್ಲಿ ಎರಡು ಸಲ ಹೇಳಿ ಕೂತರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಈ ನೆನಪು ಸ್ವಲ್ಪ ಹಗುರವಾಗುತ್ತಿತ್ತು.

ಆಮೇಲೆ ಆಕೆಯ ಸರದಿ. ಹೆಸರು, ವಿಳಾಸ, ನಂತರ ವಿಷಯ, ಇದು ಕ್ರಮ. “ಬಾಈ, ನಾವ ಸಾಂಗಾ, ಪತ್ತಾ ಸಾಂಗಾ,” ಎಂದರು ಮೇಜಿನ ಹಿಂದಿನವರು.

ಆಕೆ ಹೆಸರು ಹೇಳಿದಳು. ಆಮೇಲೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ, ಊರು, ತಾಲೂಕು, “ಜಿಲ್ಹಾ ಯಾದಗಿರಿ, ರಾಜ್ಯ ಕರ್ನಾಟಕ” ಎಂದಳು.

ನಡುವಿನ ಸಾಲಿನಿಂದ ಒಬ್ಬರು, ಯಾದಗಿರಿಯಿಂದ ಇಲ್ಲಿಗೆ ರಸ್ತೆ ದಾಟಲು ಬಂದಿರೇನು ಬಾಈ, ಎಂದರು ಮರಾಠಿಯಲ್ಲಿ. ಸಭೆ ನಕ್ಕಿತು. ಕ್ರೂರವಾದ ನಗುವಲ್ಲ, ಬೆಳಗಿನಿಂದ ಕೂತು ಬೇಸತ್ತವರ ನಗು. ಆಕೆಯೂ ನಕ್ಕಳು. ಮೇಜಿನ ಹಿಂದಿನವರು ಮಾತ್ರ ನಗದೆ, ಇಲ್ಲಿ ಪುಣೆಯಲ್ಲಿ ಎಲ್ಲಿ ಇರುತ್ತೀರಿ ಎಂದು ಮೆತ್ತಗೆ ಕೇಳಿದರು.

ಆಗ ಆಕೆ ನನ್ನ ಕಡೆ ನೋಡಿದಳು.

ನೋಡಿದಳೇ? ನಾನು ಗೋಡೆಯ ಪಕ್ಕ ಫೈಲುಗಳ ಹತ್ತಿರ ನಿಂತಿದ್ದೆ. ಆಕೆಯ ತಲೆ ಆ ದಿಕ್ಕಿಗೆ ತಿರುಗಿದ್ದು ನಿಜ. ನನ್ನ ಹಿಂದೆಯೇ ಬಾಗಿಲೂ ಇತ್ತು. ನಾನಂತೂ ಆ ಹೊತ್ತಿಗೆ ಫೈಲಿನ ದಾರ ಬಿಗಿಮಾಡುತ್ತಿದ್ದೆ. ಆಕೆ ನೋಡಿದ್ದನ್ನು ನಾನು ಹೇಗೆ ಕಂಡೆ, ಕೆಳಗೆ ನೋಡುತ್ತಿದ್ದವಳು?

“ಇಕಡೇಚ,” ಎಂದಳು ಆಕೆ. ಇಲ್ಲೇ ಎಲ್ಲೋ. ಮೇಜಿನ ಹಿಂದಿನವರು ಕಾದರು. ಆಕೆ ಮತ್ತೆ ಅದನ್ನೇ ಅಂದಳು. ಬಳಿಕ ನೆಗೆಣ್ಣಿಯ ಕಾಲಿನ ವಿಷಯ, ಎರಡು ಕಲ್ಲಿನ ವಿಷಯ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. ಮೈಕು ಶಿಳ್ಳೆ ಹಾಕಿತು. ಯಾರೋ ಬಂದು ಮೈಕು ಸರಿಪಡಿಸಿ, ಹಾಗೇ ಮುಂದಿನವರ ಕೈಗೆ ಕೊಟ್ಟರು.

ಕರಡು ವರದಿಯಲ್ಲಿ ಆಕೆಯ ಹೆಸರಿನ ಮುಂದೆ ಒಂದೇ ಸಾಲಿತ್ತು: ಸ್ಥಳೀಯ ವಿಳಾಸ ನೀಡಿಲ್ಲ. ನಲವತ್ತು ಚಿಲ್ಲರೆ ಫಾರ್ಮುಗಳು ಕೊನೆಯ ಅನುಬಂಧಕ್ಕೆ ಹೋದವು, ‘ಯೋಜನಾ ಪ್ರದೇಶದ ಹೊರಗಿನವರು’ ಎಂಬ ಶೀರ್ಷಿಕೆಯ ಕೆಳಗೆ. ಆ ಶೀರ್ಷಿಕೆಯ ಮರಾಠಿ ನನ್ನದೇ. ಇಂಗ್ಲಿಷಿನಿಂದ ನಾನೇ ಅನುವಾದಿಸಿ ಕೊಟ್ಟಿದ್ದೆ. ಜನರ ಸಹಭಾಗಿತ್ವ ಎಂಬ ಅಧ್ಯಾಯದ ಮೊದಲ ಪುಟದಲ್ಲಿ ಮಾತ್ರ ಇಬ್ಬರೂ ನಿಂತಿದ್ದರು, ಎಡಗಡೆಯ ಬಿಸಿಲಿನಲ್ಲಿ. ನಮ್ಮ ಎಂಜಿನಿಯರ್ ಎರಡು ಕಲ್ಲಿನ ಬಗ್ಗೆ ಒಂದು ಟಿಪ್ಪಣಿ ಕಳಿಸಿದಳು. ಎಣಿಕೆಗೆ ಬಂದ ಯಾವ ಆಕ್ಷೇಪಣೆಯಲ್ಲೂ ಅದರ ಬೇಡಿಕೆ ಇಲ್ಲ ಎಂದು ಕಂಪನಿಯ ಒಳಗೇ ಅದು ನಿಂತಿತು. ಅವಳು ನನಗೆ “ಸಾರಿ ಮೇಡಂ” ಎಂದಳು. ನನ್ನ ಆರು ತಿಂಗಳು ಮುಗಿಯಿತು.

ಮುಂದಿನದನ್ನು ಬರೆಯದೆ ಇರಬಹುದು. ಅಲ್ಲಿಗೆ ನಿಲ್ಲಿಸಿದರೆ ತಪ್ಪು ಒಂದು ಶೀಟಿನದಾಗುತ್ತದೆ, ಒಂದು ಮೈಕಿನದಾಗುತ್ತದೆ. ಓದುವವರಿಗೂ ಅನುಕೂಲ, ನನಗೂ.

ಒಂದು ವರ್ಷ ದಾಟಿರಬೇಕು. ರಾಂಜಣಗಾಂವದ ಗಣಪತಿಗೆ ಹೋಗುತ್ತಿದ್ದೆವು, ಕಾರು ಆ ಜಾಗ ಹಾದುಹೋಯಿತು. ಸಂದು ಇರಲಿಲ್ಲ. ಕಟ್ಟೆ ಉದ್ದಕ್ಕೂ ಒಂದೇ ಸಮ, ಅದರ ಮೇಲೆ ಕಬ್ಬಿಣದ ಜಾಲರಿ. ದೇವರ ಮುಂದೆ ಏನು ಬೇಡಿಕೊಂಡೆನೋ ಮರೆತಿದೆ. ಮರುದಿನ ಬೆಳಗ್ಗೆ ಒಬ್ಬಳೇ ರಿಕ್ಷಾ ಹಿಡಿದು ಅಡ್ಡಾಕ್ಕೆ ಹೋದದ್ದು ನೆನಪಿದೆ.

ಗಂಡಸರು ಜಾಲರಿ ಹತ್ತಿ ದಾಟುತ್ತಿದ್ದರು. ಕೆಲವು ಹೆಂಗಸರೂ. ಒಬ್ಬರು ಮೇಲೆ ಹತ್ತಿ ಕೂತು ಬುತ್ತಿ ಡಬ್ಬಿಗಳನ್ನು ಈಚೆ ಆಚೆ ಕೊಡುತ್ತಿದ್ದರು. ನಾನು ನೋಡುತ್ತ ನಿಂತಾಗ ಬೆನ್ನ ಹಿಂದಿನಿಂದ ದನಿ ಬಂತು.

“ಏನ್ರಿ ಬಾಯಾರ, ಮತ್ತ ಫಾರಮ್ ತಂದೀರೇನ್ರಿ?”

ಕಿರಿಯಾಕೆ. ತೆಳ್ಳಗಾಗಿದ್ದಳು. ಅವಳ ಜತೆ ಇನ್ನೊಬ್ಬ ಹೆಂಗಸಿದ್ದಳು, ಗುರುತಿನವಳಲ್ಲ, ಹರೆಯದವಳು, ಎರಡೂ ಕಾಲು ನೆಟ್ಟಗಿದ್ದವಳು.

“ಅಕ್ಕ ಎಲ್ಲವಾ?” ಎಂದೆ.

“ಶಿರೂರಿಗಿ ಹೋಗ್ಯಾಳ್ರಿ, ಇದ ರಸ್ತಾದಾಗ ಮುಂದ. ಅಲ್ಲಿ ಉಳ್ಳಾಗಡ್ಡಿ ಆರಿಸೂ ಕೆಲಸ, ಕುಂತ ಮಾಡೂದು. ನಮ್ಮೂರಾಕಿ ಒಬ್ಬಾಕಿ ಕರಕೊಂಡು ಹೋದ್ಳು.” ಬುತ್ತಿ ಡಬ್ಬಿಯನ್ನು ಕೈ ಬದಲಿಸಿಕೊಂಡು, “ಮದಿವಿ ಆದಾಗಿಂದ ಒಂದ ಒಲಿ ಇತ್ರಿ ನಮ್ದು,” ಎಂದಳು.

“ಫೋನು?”

“ಮೊದಲ ಮಾಡ್ತಿದ್ಳು. ಈಗ ಹತ್ತೂದಿಲ್ರಿ. ನಂಬರ ಬದಲಿ ಆಗಿರಬೇಕು.” ರಸ್ತೆಯ ಕಡೆ ನೋಡಿದಳು. “ಮುಚ್ಚಿದ ಮ್ಯಾಲ ಎಂಟ ದಿನ ಸಿಗ್ನಲ್ ತನ ನಡಕೊಂಡ ಬಂದ್ಳ್ರಿ, ಪಾಪ. ಆರಕ್ಕ ಬಿಡ್ತಿದ್ಳು. ಇಲ್ಲಿ ಬಂದು ಮುಟ್ಟೂದ್ರಾಗ ನಿಂದ್ರಾಕ ಆಗ್ತಿದ್ದಿಲ್ಲ. ನಿಂದ್ರಾಕ ಆಗ್ಲಾರ್ದಾಕಿನ ಯಾವ ಗೌಂಡಿ ಕರೀತಾನ್ರಿ? ಆಮ್ಯಾಲ ತಾನ ಅಂದ್ಳು, ನನ್ನ ಸಂಗಾಟ ನೀನೂ ಉಪಾಸ ಬೀಳಬ್ಯಾಡ ಅಂತ.”

ನಾನು ಬಂದದ್ದು ಹಿರಿಯಾಕೆಯನ್ನು ವಿಚಾರಿಸಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

“ತಂಗಿ, ಅವತ್ತು ಸಭಾದಾಗ ಊರಿನ ಅಡ್ರೆಸ್ ಯಾಕ ಹೇಳಿದಿ?”

ಆಕೆ ನನ್ನನ್ನೇ ನೋಡಿದಳು. ಈ ಸಲ ನೋಡಿದ್ದು ಖಂಡಿತ, ಯಾಕೆಂದರೆ ನನ್ನ ಕೈಯಲ್ಲಿ ಯಾವ ಫೈಲೂ ಇರಲಿಲ್ಲ.

“ನೀವ ಕಾಗದದಾಗ ಬರದಿದ್ರಲ್ರೀ, ಅದನ್ನ ಹೇಳಿದ್ನಿ. ಬರದದ್ದೊಂದು, ಆಡಿದ್ದೊಂದು ಆಗಬಾರ್ದಲ್ರೀ. ಅಷ್ಟ ಮಂದ್ಯಾಗ ನಿಮಗ ಯಾರರೆ ಏನರೆ ಅಂದ್ರ?”

ಅಷ್ಟರಲ್ಲಿ ಟೆಂಪೋ ಬಂತು. ಗೌಂಡಿ ಬೆರಳು ಎತ್ತಿ ಎರಡು ಎಂದ. ಆಕೆ ಮತ್ತು ಆ ಇನ್ನೊಬ್ಬಳು ಓಡಿದರು. ಹಿಂದಿನ ಹಲಗೆ ಹಿಡಿದು ಹತ್ತಿದರು. ಟೆಂಪೋ ತಿರುಗಿ ಸಿಗ್ನಲ್ಲಿನ ಕಡೆ ಹೋಯಿತು. ಶಿರೂರಿನಲ್ಲಿ ಎಲ್ಲಿ, ಯಾರ ಗೋದಾಮು ಎಂದು ಕೇಳುವುದು ಉಳಿಯಿತು. ಪಡಸಾಲೆಯ ಮಾತೂ ಉಳಿಯಿತು.

ಆಮೇಲೆ ಇನ್ನೂ ಎರಡು ಸಲ ಹೋದೆ. ಎರಡು ಸಲವೇ ಎಂದು ಖಚಿತವಿಲ್ಲ. ಕೊನೆಯ ಸಲ ತಗಡಿನ ಶೆಡ್ಡುಗಳ ಜಾಗದಲ್ಲಿ ನೀಲಿ ಹಾಳೆಯ ಬೇಲಿ, ಒಳಗೆ ಅಡಿಪಾಯದ ಗುಂಡಿ. ವಿಳಾಸ ಕಾಗದದ ಮೇಲೆ ಬೀಳದಿದ್ದರೂ ಅವು ಹೋಗಿದ್ದವು. ಅಡ್ಡಾದಲ್ಲಿ ಕೇಳಿದೆ. ಒಬ್ಬ ಗೌಂಡಿ, ಆಕೆ ರಾಂಜಣಗಾಂವದ ಫ್ಯಾಕ್ಟರಿಯೊಂದಕ್ಕೆ ಹೋದಳು ಎಂದ. ಇನ್ನೊಬ್ಬ, ಇಲ್ಲ, ಊರಿಗೆ ಹೋದಳು ಎಂದ. ಊರಿನ ವಿಳಾಸ ನನ್ನ ಬಳಿ ಇತ್ತು, ನನ್ನದೇ ದುಂಡು ಅಕ್ಷರದ ಜೆರಾಕ್ಸ್ ಪ್ರತಿ. ಒಂದು ಕಾರ್ಡು ಬರೆದು ಹಾಕಿದೆ. ಉತ್ತರ ಬರಲಿಲ್ಲ. ಆ ಮನೆಯಲ್ಲಿ ಓದುವವರು ಇದ್ದಾರೋ ಇಲ್ಲವೋ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಹಿರಿಯಾಕೆ ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಇಬ್ಬರೂ ಮತ್ತೆ ಒಂದೇ ಕಡೆ ಸೇರಿದರೋ ಎಂಬುದೂ ಗೊತ್ತಿಲ್ಲ. ಪಡಸಾಲೆಯಲ್ಲಿ ನಾನು ಹೇಳಿದ್ದು ಕಿರಿಯಾಕೆಗೆ ತಿಳಿದಿತ್ತೋ, ತಿಳಿದೂ ನನ್ನ ಬರಹ ಸುಳ್ಳಾಗಬಾರದೆಂದು ಊರಿನ ಹೆಸರು ಹೇಳಿದಳೋ, ಅಥವಾ ತಿಳಿಯುವಂಥದ್ದನ್ನು ನಾನು ಹೇಳಿರಲೇ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.